ಮರಳಿನ ಮೇಲೆ ಎಡಗಾಲು

೧೯೫೪ರ ಅಕ್ಟೋಬರ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸಿನಿಮಾ ಸ್ಟುಡಿಯೋದ ಸಂಕಲನಕಾರ ಫೈಗೆಲ್ ಉಡುಪು ವಿಭಾಗದ ಹಿಂದಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. ಹಗಲು ಹೊತ್ತಿನಲ್ಲಿ ತನ್ನ ಕತ್ತಲೆ ಕೋಣೆ ಬಿಟ್ಟು ಹೊರಗೆ ಬರುವ ಮನುಷ್ಯನಲ್ಲ ಅವನು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೆಣಿಗೆಯವರ ನಡುವೆ ವೆಲ್ಡಾ ಟಲ್ಲಿಯನ್ನು ಹುಡುಕಿದ.

ವೆಲ್ಡಾ ಕಿಟಕಿಯ ಪಕ್ಕ ಕೂತು ಹುರಿಯಲ್ಲಿ ಕವಚ ಹೆಣೆಯುತ್ತಿದ್ದಳು. ಹಾಲಿವುಡ್ಡಿನ ಯೋಧರು ತೊಡುವ ಉಕ್ಕಿನ ಸರಪಳಿ ಅಂಗಿ ಹುಟ್ಟುವುದು ಹೀಗೆಯೇ. ದಪ್ಪ ಹುರಿ, ಹೆಬ್ಬೆರಳ ಗಾತ್ರದ ಕಡ್ಡಿ, ಕೊನೆಗೊಂದು ಸುತ್ತು ಬೆಳ್ಳಿ ಬಣ್ಣ. ದೂರದಿಂದ ಕಬ್ಬಿಣ, ಹತ್ತಿರ ಬಂದರೆ ಗೋಣಿಚೀಲ. ನಿಜವಾದ ಕಬ್ಬಿಣ ತೊಡಿಸಿದರೆ ಕುಣಿಯುವವರು ಯಾರು? ಈ ಚಿತ್ರದಲ್ಲಂತೂ ಎಲ್ಲರೂ ಕುಣಿಯುತ್ತಿದ್ದರು, ರಾಜನಿಂದ ಹಿಡಿದು ನೇಣು ಹಾಕುವವನವರೆಗೆ. ಆರುನೂರು ವರ್ಷ ಹಿಂದಿನ ಇಂಗ್ಲೆಂಡಿನಲ್ಲಿ ರೊಟ್ಟಿ ಬೇಯಿಸುವ ಒಬ್ಬ ಪುಕ್ಕಲನನ್ನು ಜನ ಮಹಾವೀರನೆಂದು ತಪ್ಪು ತಿಳಿಯುವ ಕಥೆ ಅದು. ಹತ್ತು ನಿಮಿಷಕ್ಕೊಂದು ಹಾಡು. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅದು 'ಕೋಟೆ ಚಿತ್ರ'. ಶೂಟಿಂಗ್ ಮುಗಿದಿದ್ದರೂ ಒಂದು ಕಾಳಗವನ್ನು ಮತ್ತೆ ತೆಗೆಯಬೇಕೆಂದು ಹೇಳಿಕಳಿಸಿದ್ದರಿಂದ ಹೆಣಿಗೆ ಮಾತ್ರ ನಿಂತಿರಲಿಲ್ಲ.

"ವೆಲ್ಡಾ, ಒಂದು ನಿಮಿಷ ಹೊರಗೆ ಬರ್ತೀಯಾ?"

"ಇಲ್ಲೇ ಹೇಳಯ್ಯ. ಎದ್ರೆ ಕಣ್ಣಿ ತಪ್ಪತ್ತೆ."

"ಡೆಲ್ ವಿಷಯ."

ಅವಳ ಕಡ್ಡಿ ನಿಂತಿತು. ಡೆಲ್ಮರ್ ಟಲ್ಲಿ ಅವಳ ಅಣ್ಣ. ಅವನನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಕೋಟೆ ಚಿತ್ರದಲ್ಲಿ ಅವನದು ಹೆಬ್ಬಾಗಿಲು ಕಾಯುವ ಮುದಿ ಕಾವಲುಗಾರನ ಪಾತ್ರ. ಈಟಿ ಹಿಡಿದು, ಅಂಗಳದ ಮರಳಿನ ಮೇಲೆ ಒಬ್ಬನೇ ಕುಣಿಯುವ ಒಂದು ಕುಣಿತ ಅವನ ಪಾಲಿಗೆ ಬಂದಿತ್ತು.

"ಅವನ ಕಾಲಿಗೆ ಇನ್ನೂ ಸದ್ದು ಹಾಕಿಲ್ಲ," ಎಂದ ಫೈಗೆಲ್.

ಅದು ಅವಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಹಾಡಿನ ಚಿತ್ರಗಳಲ್ಲಿ ಕುಣಿಯುವಾಗ ಕಾಲಿನ ಸದ್ದನ್ನು ಯಾರೂ ಹಿಡಿಯುವುದಿಲ್ಲ. ಮುಂಚೆಯೇ ಮುದ್ರಿಸಿಟ್ಟ ಸಂಗೀತ ಧ್ವನಿವರ್ಧಕದಲ್ಲಿ ಅಬ್ಬರಿಸುತ್ತಿರುತ್ತದೆ, ನಿರ್ದೇಶಕ ಕೂಗುತ್ತಿರುತ್ತಾನೆ, ಕ್ಯಾಮೆರಾ ಗರಗರ ಎನ್ನುತ್ತಿರುತ್ತದೆ. ಆಮೇಲೆ ಒಂದು ದಿನ ಕುಣಿದವನೇ ಸದ್ದಿನ ಕೋಣೆಗೆ ಬಂದು, ಪರದೆಯ ಮೇಲೆ ತನ್ನನ್ನೇ ನೋಡಿಕೊಳ್ಳುತ್ತ, ಅದೇ ಹೆಜ್ಜೆಗಳನ್ನು ಮತ್ತೊಮ್ಮೆ ಹಾಕಬೇಕು. ಡೆಲ್ ಆ ದಿನದವರೆಗೆ ಉಳಿಯಲಿಲ್ಲ.

"ಸೋಮವಾರ ಎಲ್ಲ ಮುಗಿಸಿ ಕೊಡ್ಬೇಕು. ಸದ್ದಿನೋರು ಮರಳುಕಾಗದ ಉಜ್ಜಿ ನೋಡಿದ್ರು."

"ಹೇಗಿತ್ತು?"

"ಬಡಗಿ ಬಾಗಿಲು ಉಜ್ಜಿದ ಹಾಗಿತ್ತು. ಚಿತ್ರ ಉದ್ದ ಆಯ್ತು ಅಂತ ಮೇಲಿನವರು ಕತ್ತರಿ ಮಸೀತಾ ಕೂತಿದಾರೆ. ಸದ್ದಿಲ್ಲದ ಕುಣಿತ ಅಂದ್ರೆ ಮೊದಲ ಬಲಿ ಅದೇ. ಆ ಹೆಜ್ಜೆ ಗೊತ್ತಿರೋಳು ಭೂಮಿ ಮೇಲೆ ನೀನೊಬ್ಳೇ."

"ನಾನು ಕುಣಿಯೋದು ಬಿಟ್ಟು ಹನ್ನೊಂದು ವರ್ಷ ಆಯ್ತು ಕಣಯ್ಯ. ನನ್ನ ಸೊಂಟಾನ ಕೇಳು."

ಪಕ್ಕದಲ್ಲಿ ಕವಚದ ತೋಳು ಹೆಣೆಯುತ್ತಿದ್ದ ಗೆಳತಿ ಚೇಲೋ ತಲೆಯೆತ್ತಲಿಲ್ಲ. "ಸೊಂಟಾನ ಯಾಕೆ ಕೇಳ್ಬೇಕು, ಅದು ದಿನಾ ತಾನಾಗೇ ಹೇಳ್ತಾನೇ ಇರತ್ತಲ್ಲ. ಹೋಗೇ, ಅದನ್ನ ನಾನು ಮುಗಿಸ್ತೀನಿ. ಮೊನ್ನೆ ನೀನು ಹೆಣೆದ ಅಂಗೀಲಿ ಆ ಉದ್ದನೆ ಸೈನಿಕನ ತಲೆ ಸಿಕ್ಕಿಹಾಕ್ಕೊಂಡು, ಎಳೆಯೋಕೆ ಕುದುರೆ ಕರೆಸ್ಬೇಕಾಗಿತ್ತು."

ವೆಲ್ಡಾ ಹುರಿಯ ಉಂಡೆಯನ್ನು ಚೇಲೋಳ ಮಡಿಲಿಗೆ ಹಾಕಿ ಎದ್ದಳು.

ಟಲ್ಲಿ ಅಣ್ಣತಂಗಿಯರು ಟೊಲೀಡೊ ಊರಿನವರು. ವೆಲ್ಡಾಳಿಗೆ ಒಂಬತ್ತು, ಡೆಲ್‌ಗೆ ಹದಿಮೂರು ತುಂಬಿದಾಗ ಹಾಡು, ಕುಣಿತ, ಹಾಸ್ಯದ ತುಣುಕುಗಳ ವಾಡ್ವಿಲ್ ರಂಗಕ್ಕೆ ಇಳಿದವರು. ನಾಯಿ ಕುಣಿಸುವವನ ನಂತರ, ಕತ್ತಿ ನುಂಗುವವನ ಮುಂಚೆ, ಅವರದೊಂದು ಆಟ: ರಂಗದ ಮೇಲೆ ಮರಳು ಎರಚಿ, ತೊಗಲಿನ ಜೋಡು ಹಾಕಿ, ಮರಳನ್ನು ಉಜ್ಜುತ್ತ ಜಾರುತ್ತ ಕುಣಿಯುವುದು. ವಾದ್ಯಗಳೆಲ್ಲ ನಿಂತು ಪಾದದ ಸದ್ದೊಂದೇ ಉಳಿದಾಗ ಜನ ಉಸಿರು ಹಿಡಿದು ಕೇಳುತ್ತಿದ್ದರು. ಮರಳು ಕುಣಿತದವರು ಮರಳನ್ನು ಊರೂರಿಗೆ ತಾವೇ ಹೊತ್ತುಕೊಂಡು ಹೋಗುವುದು ವಾಡಿಕೆ. ಮರಳು ಒಣಗಿರಬೇಕು. ಕಣಗಳ ನಡುವೆ ತೇವ ನಿಂತರೆ ಅವು ಒಂದನ್ನೊಂದು ಅಂಟಿಕೊಂಡು ಸದ್ದನ್ನು ನುಂಗಿಬಿಡುತ್ತವೆ. ಅದಕ್ಕೇ ಡೆಲ್ ಪ್ರತಿ ಆಟದ ಮುನ್ನ ಬಾಡಿಗೆ ಮನೆಯ ಅಡುಗೆ ಒಲೆಯ ಮೇಲೆ ಬಾಣಲೆ ಇಟ್ಟು ಮರಳು ಹುರಿಯುತ್ತಿದ್ದ. "ಏನಯ್ಯಾ ಅದು?" ಎಂದು ಮನೆಯೊಡತಿಯರು ಕಿರುಚಿದರೆ, "ನಮ್ಮ ರಾತ್ರಿ ಊಟ ಅಮ್ಮಾ, ಒಂಚೂರು ಉಪ್ಪು ಇದ್ರೆ ಕೊಡ್ತೀರಾ?" ಎನ್ನುತ್ತಿದ್ದ.

ಮಾತಾಡುವ ಚಿತ್ರಗಳು ಬಂದವು, ವಾಡ್ವಿಲ್ ಸತ್ತಿತು. ಅಮ್ಮನೂ ಸತ್ತ ಮೇಲೆ ಇಬ್ಬರೂ ಲಾಸ್ ಏಂಜಲೀಸ್‌ಗೆ ಬಂದರು. ಡೆಲ್‌ಗೆ ಕೆಲಸ ಸಿಗುತ್ತಿತ್ತು, ಇಲ್ಲವೆಂದಲ್ಲ. ಕುಣಿಯುವ ಅಡಿಗೆಭಟ್ಟ, ಕುಣಿಯುವ ಟಪಾಲಿನವ, ನಾಯಕನ ಹಿಂದೆ ಕುಣಿಯುವ ಹನ್ನೆರಡು ನಾವಿಕರಲ್ಲಿ ಏಳನೆಯವ. ಆದರೆ ಕ್ಯಾಮೆರಾ ಯಾವಾಗಲೂ ಅವನನ್ನು ಸೊಂಟಕ್ಕೆ ಕತ್ತರಿಸುತ್ತಿತ್ತು. "ನನಗೆ ಕಾಲಿದೆ ಅಂತ ನನ್ನ ದರ್ಜಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಕಣೇ ಕೂಸೇ," ಎಂದು ನಗಿಸುತ್ತಿದ್ದ. ವೆಲ್ಡಾ ಐವತ್ತು ದಾಟಿದ್ದರೂ ಅವನಿಗೆ ಕೂಸೇ. ಕೋಟೆ ಚಿತ್ರದ ನಿರ್ದೇಶಕ ಹಳೆಯ ಕಾಲದ ಆಟ ನೋಡಿ ಬೆಳೆದವನು. ಡೆಲ್‌ನನ್ನು ಶಿರಸ್ತ್ರಾಣದ ತುದಿಯಿಂದ ಜೋಡಿನ ತುದಿಯವರೆಗೆ ಪೂರ್ತಿಯಾಗಿ ತೋರಿಸುತ್ತೇನೆಂದು ಮಾತು ಕೊಟ್ಟ, ಹಾಗೆಯೇ ತೆಗೆದ. ಅವನ ಐವತ್ತೆಂಟನೆಯ ವಯಸ್ಸಿನಲ್ಲಿ, ಮೊಟ್ಟಮೊದಲ ಸಲ.

ಆ ಒಂದು ಕುಣಿತ ಈಗ ಸದ್ದಿಲ್ಲದೆ ಹೋಗಿಬಿಡುವುದರಲ್ಲಿತ್ತು.

ಸದ್ದಿನ ಕೋಣೆಯ ಸ್ಟೂಬ್ ಬಡಕಲು ಮೈಯ, ಮೆಲುಮಾತಿನ ಯುವಕ. ನೆಲದ ಮೇಲೆ ಅಗಲವಾದ ಹಲಗೆ ಹಾಸಿ, ಅದರ ಮೇಲೆ ಮರಳು ಹರಡಿ, ಮೇಲಿನಿಂದ ಎರಡು ದೊಡ್ಡ ದೀಪ ಇಳಿಬಿಟ್ಟಿದ್ದ. ವೆಲ್ಡಾ ಬಗ್ಗಿ ಮುಟ್ಟಿ ನೋಡಿದಳು. ಮರಳು ಬೆಚ್ಚಗಿತ್ತು.

"ನಿನಗೆ ಯಾರು ಹೇಳ್ಕೊಟ್ರು?"

"ಡೆಲ್ ಅವರೇ. ಶೂಟಿಂಗ್ ನಡೀವಾಗ ಬಂದು ಹೇಳಿಹೋಗಿದ್ರು. 'ಒಣಗದ ಮರಳು ನನ್ನ ಸೋದರತ್ತೆ ಇದ್ದ ಹಾಗೆ ಕಣೋ, ಕಾಲಿಗೆ ಅಂಟ್ಕೊಳತ್ತೆ ಹೊರತು ಒಂದು ಒಳ್ಳೆ ಮಾತಾಡಲ್ಲ' ಅಂದ್ರು." ಸ್ಟೂಬ್ ತಡೆದು, "ಕ್ಷಮಿಸಿ, ಅವರು ನಿಮಗೂ ಅತ್ತೆ ಅಲ್ವಾ," ಎಂದ.

"ಹೌದು. ಅವನು ಹೇಳಿದ್ದು ಸರಿಯಾಗೇ ಇದೆ."

ಕುಣಿತದ ಫಿಲ್ಮನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ತಲೆಗೆ ಬಾಲ ಅಂಟಿಸಿ ಬಳೆಯಂತೆ ಮಾಡಿದ್ದರು. ಯಂತ್ರ ನಿಲ್ಲಿಸುವವರೆಗೆ ಅದೇ ತುಂಡು ಸುತ್ತಿ ಸುತ್ತಿ ಪರದೆಯ ಮೇಲೆ ಬರುತ್ತಿರುತ್ತದೆ. ಕುಣಿಯುವವರು ಅದಕ್ಕೆ ಹೆಜ್ಜೆ ಹೊಂದಿಸಿಕೊಂಡು, ತಯಾರಾದಾಗ ಕೈಯೆತ್ತಬೇಕು, ಸ್ಟೂಬ್ ಮುದ್ರಿಸಿಕೊಳ್ಳುತ್ತಾನೆ. ದೀಪ ಆರಿತು. ಪರದೆಯ ಮೇಲೆ ಡೆಲ್ ಬಂದ.

ಚೇಲೋ ಹೆಣೆದ ಕವಚ, ತಗಡಿನ ಶಿರಸ್ತ್ರಾಣ, ಅಂಟಿಸಿದ ನರೆಗಡ್ಡ. ಕಾಲಲ್ಲಿ ಚೂಪು ಮೂತಿಯ ಜೋಡು. ಈಟಿಯನ್ನು ನೆಲಕ್ಕೆ ಊರಿ, ಅತ್ತಿತ್ತ ಕಳ್ಳನೋಟ ಬೀರಿ, ರಾಜ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಲಗಾಲಿನಿಂದ ಮರಳನ್ನು ಒಮ್ಮೆ ಮೆಲ್ಲಗೆ ಸವರಿದ. ಸದ್ದಿಲ್ಲ. ಮತ್ತೆ ಬಂದ, ಮತ್ತೆ ನೋಡಿದ, ಮತ್ತೆ ಸವರಿದ. ವೆಲ್ಡಾ ಹಲಗೆಯ ಮೇಲೆ ನಿಂತೇ ಇದ್ದಳು. ಎಷ್ಟು ಸುತ್ತು ಹಾಗೆ ಕಳೆದವೋ, ಸ್ಟೂಬ್ ಯಂತ್ರವನ್ನು ಓಡಲು ಬಿಟ್ಟ.

ಕೊನೆಗೆ ಅವಳ ಕಾಲು ತಾನಾಗಿ ಸರಿಯಿತು. ವಾಡ್ವಿಲ್ ಆಟದಲ್ಲಿ ಅವಳು ಸದಾ ಅವನೆದುರಿಗೆ ನಿಂತು, ಕನ್ನಡಿಯೊಳಗಿನ ರೂಪದಂತೆ ಕುಣಿದವಳು. ಅವನ ಬಲಕ್ಕೆ ಅವಳ ಎಡ, ಅವನ ಎಡಕ್ಕೆ ಅವಳ ಬಲ. ಇಲ್ಲಿಯೂ ಅವನು ಎದುರಿಗೇ ಇದ್ದ. ಸೊಂಟ ಮೊದಮೊದಲು ಚುಚ್ಚಿತು, ಆಮೇಲೆ ಮರೆತಿತು. ಊಟದ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತು. ಸ್ಟೂಬ್ ಸದ್ದನ್ನು ಚಿತ್ರದೊಂದಿಗೆ ಸೇರಿಸಿ ಕೇಳಿಸಿದಾಗ ಡೆಲ್‌ನ ಪಾದಗಳು ಮಾತಾಡುತ್ತಿದ್ದವು. ಅಣ್ಣ ಸತ್ತ ಮೇಲೆ ಮೊದಲ ಸಲ ವೆಲ್ಡಾಳಿಗೆ ಹಸಿವಾಯಿತು. ಕ್ಯಾಂಟೀನಿನಿಂದ ತರಿಸಿದ ಎರಡು ಸ್ಯಾಂಡ್‌ವಿಚ್ ತಿಂದು, ಮೂರನೆಯದರಲ್ಲಿ ಸ್ಟೂಬ್‌ನ ಪಾಲನ್ನೂ ತಿಂದಳು.

ಉಳಿದದ್ದು ಕೊನೆಯ ತುಂಡು. ಎಲ್ಲರೂ ಮಾತಾಡಿಕೊಳ್ಳುತ್ತಿದ್ದದ್ದು ಅದರ ಬಗ್ಗೆಯೇ.

ಅದರಲ್ಲಿ ಡೆಲ್ ಒಂದು ಸುತ್ತು ತಿರುಗಿ, ಬಲಗಾಲಲ್ಲಿ ಜಾರಿ ನಿಂತು, ಎಡಗಾಲನ್ನು ಠೀವಿಯಿಂದ ಎಳೆದು ಬಲಗಾಲಿಗೆ ಸೇರಿಸಬೇಕು. ಎಡಗಾಲು ಬರುವುದಿಲ್ಲ. ಹಿಂದೆಯೇ ಉಳಿದುಬಿಡುತ್ತದೆ. ಅದು ಯಾರದೋ ಕಾಲು ಎಂಬಂತೆ ಅವನು ತಿರುಗಿ ನೋಡುತ್ತಾನೆ. ಆಮೇಲೆ ಅದು, ಪಾದದ ಹೊರಅಂಚಿನ ಮೇಲೆ, ಮರಳಿನಲ್ಲಿ ಒಂದು ಅರ್ಧಚಂದ್ರ ಗೀಚುತ್ತ, ಬೇಕೋ ಬೇಡವೋ ಎಂಬಂತೆ ಬರುತ್ತದೆ. ಅಷ್ಟರಲ್ಲಿ ಎಡಗೈಯಿಂದ ಈಟಿ ಜಾರುತ್ತದೆ, ಬಲಗೈ ಅದನ್ನು ನೆಲ ಮುಟ್ಟುವ ಮುನ್ನ ಹಿಡಿಯುತ್ತದೆ, ಮುಖದ ಅರ್ಧದಲ್ಲಿ ಮಾತ್ರ ಒಂದು ಪೆಚ್ಚುನಗೆ. ತಾಲೀಮಿನಲ್ಲಿ ಇದೊಂದೂ ಇರಲಿಲ್ಲ. ನಾಲ್ಕನೆಯ ಸಲ ತೆಗೆಯುವಾಗ ಡೆಲ್ ಥಟ್ಟನೆ ಮಾಡಿದ್ದು. ಶೂಟಿಂಗ್ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಈ ತುಂಡಿಗೆ ಮಾತ್ರ ವೆಲ್ಡಾ ಕನ್ನಡಿಯ ಲೆಕ್ಕ ಬಿಟ್ಟು, ಅವನಂತೆಯೇ ಎಡಗಾಲನ್ನು ಎಳೆದಳು.

"ಇನ್ನೊಂದ್ಸಲ ಮಾಡ್ತೀರಾ, ಮಿಸ್ ಟಲ್ಲಿ?" ಎಂದ ಸ್ಟೂಬ್. "ತಾಳ ಸರಿಯಾಗೇ ಕೂತಿದೆ. ಆದ್ರೆ ಚಿತ್ರಕ್ಕೆ ಹೊಂದ್ತಿಲ್ಲ. ನಿಮ್ಮದು ಏನೋ ಒಂಥರಾ… ಗಟ್ಟಿ."

ಬೆರಳ ತುದಿಯಿಂದ ಎಳೆದಳು. ಹಿಮ್ಮಡಿಯಿಂದ ಎಳೆದಳು. ಸರಿಬರಲಿಲ್ಲ. ಕುಂಟುವ ನಟನೆ ಅವಳಿಗೆ ಹೊಸದಲ್ಲ. ಹಾಸ್ಯದವರು ಕಾಲೆಳೆಯುವಾಗ ಬಲವೆಲ್ಲ ಸೊಂಟದಿಂದ ಬರುತ್ತದೆ, ಕಣಕಾಲು ಬಿಗಿಯಾಗಿರುತ್ತದೆ, ಏಕೆಂದರೆ ಕುಣಿಯುವವನಿಗೆ ಸದ್ದು ತನ್ನ ಹಿಡಿತದಲ್ಲಿ ಬೇಕು. ಪರದೆಯ ಮೇಲಿನ ಕಾಲಿನಲ್ಲಿ ಆ ಹಿಡಿತ ಕಾಣುತ್ತಿರಲಿಲ್ಲ. ಅಣ್ಣ ಯಾವಾಗ ಇದನ್ನು ಕಲಿತ ಎಂದು ಅವಳಿಗೆ ಅಚ್ಚರಿಯಾಯಿತು, ತುಸು ಹೊಟ್ಟೆಕಿಚ್ಚೂ ಆಯಿತು.

ಮತ್ತೆ ಮತ್ತೆ ಮಾಡಿ ಸೊಂಟ ಸೋತಿತು. ಒಂದು ಸುತ್ತಿನಲ್ಲಿ ಅವಳು ಕಣಕಾಲನ್ನು ಹಿಡಿದಿಡಲಾರದೆ ಸಡಿಲ ಬಿಟ್ಟಳು. ಪಾದ ಹೊರಕ್ಕೆ ವಾಲಿ, ಸತ್ತ ಭಾರದಂತೆ ಮರಳಿನ ಮೇಲೆ ಹರಿದು ಬಂತು.

"ಅದೇ!" ಸ್ಟೂಬ್ ಗಾಜಿನ ಹಿಂದೆ ಕೈಯೆತ್ತಿದ. "ಅದೇ, ಅದೇ! ಹಾಗೇ ಮಾಡಿ."

ವೆಲ್ಡಾ ಅಲ್ಲಾಡಲಿಲ್ಲ. ಆ ಸದ್ದನ್ನು ಅವಳು ಮೊದಲೇ ಕೇಳಿದ್ದಳು. ಟೊಲೀಡೊದ ಮನೆಯಲ್ಲಿ, ಒಲೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ, ದಿನವೂ, ಎರಡು ವರ್ಷ. ಅಮ್ಮನಿಗೆ ಮೊದಲ ಸಲ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಅಮ್ಮನ ಚಪ್ಪಲಿ ಆ ಅರ್ಧಚಂದ್ರವನ್ನೇ ಗೀಚುತ್ತಿತ್ತು. ಆಗ ಡೆಲ್ ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ಅಮ್ಮನನ್ನು ನೋಡಿಕೊಂಡವಳು ಅವಳೇ. ಅದನ್ನು ಕೇಳುತ್ತ ಎರಡು ವರ್ಷ ಮಲಗಿ ಎದ್ದವಳೂ ಅವಳೇ.

"ಮಿಸ್ ಟಲ್ಲಿ? ಹುಷಾರಾಗಿದೀರಾ?"

"ಇನ್ನೊಂದ್ಸಲ ಓಡಿಸು."

ಈ ಸಲ ಅವಳು ಕಾಲನ್ನು ನೋಡಲಿಲ್ಲ. ಬಾಯಿ ನೋಡಿದಳು. ಎಡಗಡೆಯ ತುಟಿಯ ಕೊನೆ ಕೆಳಗೆ ಬಿದ್ದಿತ್ತು. ಕೈ ನೋಡಿದಳು. ಬೆರಳುಗಳು ಈಟಿಯನ್ನು ಬಿಡಲಿಲ್ಲ, ತೆರೆದುಕೊಂಡವು. ಕಣ್ಣು ನೋಡಿದಳು. ತನ್ನ ಕಾಲಿನ ಕಡೆ ತಿರುಗಿದ ಆ ಕಣ್ಣುಗಳಲ್ಲಿ ಹಾಸ್ಯವೇನೂ ಇರಲಿಲ್ಲ.

ಆ ಶೂಟಿಂಗ್ ದಿನ ಅವಳು ಅಲ್ಲಿಯೇ ಇದ್ದಳು. ಕವಚದ ಹೊಲಿಗೆ ಬಿಚ್ಚಿದರೆ ಸರಿಮಾಡಲೆಂದು ಸೂಜಿ ಹಿಡಿದು ಕ್ಯಾಮೆರಾದ ಪಕ್ಕ ನಿಂತಿದ್ದಳು. ವಾಡ್ವಿಲ್ ಮಂದಿಗೆ ಒಂದು ಕಟ್ಟಳೆ ಇದೆ: ರಂಗದ ಮೇಲೆ ಏನೇ ಎಡವಟ್ಟಾಗಲಿ, ಬೀಳಲಿ, ಮೂಳೆ ಮುರಿಯಲಿ, ಜೊತೆಗಾರ 'ಪೆಟ್ಟಾಯ್ತಾ' ಎಂದು ಕೇಳಕೂಡದು. ಅದನ್ನೇ ನಗೆಯಾಗಿ ಮಾಡಬೇಕು. ಜನ ನಕ್ಕರೆ ಜೊತೆಗಾರ ಕಿವಿಯ ಹಾಲೆ ಜಗ್ಗಿ ಸನ್ನೆ ಮಾಡುತ್ತಾನೆ, ಇದು ಚೆನ್ನಾಗಿದೆ, ಆಟದಲ್ಲಿ ಇಟ್ಟುಕೋ ಎಂದು. ಟಲ್ಲಿ ಅಣ್ಣತಂಗಿಯರ ಆಟದ ಅರ್ಧದಷ್ಟು ನಗೆ ಹಾಗೆ ಹುಟ್ಟಿದ್ದು. ಅಂದು ನಿರ್ದೇಶಕ "ಆಯ್ತು, ಇದೇ!" ಎಂದು ಕೂಗಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಡೆಲ್ ಜನರ ತಲೆಗಳ ಮೇಲಿನಿಂದ ಅವಳನ್ನೇ ಹುಡುಕಿ ನೋಡಿದ. ಅವಳು ನಗುತ್ತ ನಗುತ್ತ ಕಿವಿ ಜಗ್ಗಿದಳು.

ಆಮೇಲೆ ಕವಚ ಬಿಚ್ಚಿಸುವಾಗ ಅವನು, "ಅದು ನಾನು ಮಾಡಿದ್ದಲ್ಲ ಕಣೇ ಕೂಸೇ," ಎಂದಿದ್ದ.

"ಮತ್ತೆ ನಿನ್ನ ತಾತ ಮಾಡಿದ್ನಾ? ಸಾಕು ಬಿಡು ನಿನ್ನ ವಿನಯ."

ಮುಂದಿನ ಭಾನುವಾರ ಅವಳ ಮನೆಗೆ ಊಟಕ್ಕೆ ಬಂದಾಗ ಎಡಗೈಯಿಂದ ಫೋರ್ಕ್ ಬಿತ್ತು. ಅವನು ಅದನ್ನು ಕಾಲಿನಿಂದ ಚಿಮ್ಮಿ ಬಲಗೈಯಲ್ಲಿ ಹಿಡಿದ. ಅವಳು ಆಗಲೂ ನಕ್ಕಳು. ಮುಂದಿನ ವಾರ ಅವನ ಮನೆಯೊಡತಿ ಫೋನ್ ಮಾಡಿದಳು. ಡೆಲ್ ಒಂದು ಕಾಲಿಗೆ ಜೋಡು ಹಾಕಿ ಹಾಸಿಗೆಯ ಪಕ್ಕ ಬಿದ್ದಿದ್ದ. ಮೆದುಳಿನ ನಾಳ ಒಡೆದಿದೆ ಎಂದರು ಡಾಕ್ಟರು. "ಮುಂಚೆ ಏನಾದ್ರೂ ಸೂಚನೆ ಇತ್ತಾ? ಕೈಕಾಲು ಸೋಲೋದು, ಮಾತು ತೊದಲೋದು?" ಎಂದು ಕೇಳಿದಾಗ ವೆಲ್ಡಾ ಕಣ್ಣೊರೆಸಿಕೊಂಡು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದ್ದಳು: ಇಲ್ಲ, ಏನೂ ಇರಲಿಲ್ಲ.

ಜೋಡಿನಲ್ಲಿ ಮರಳು ಹೊತ್ತುಕೊಂಡೇ ಅವಳು ಅಂಗಳ ದಾಟಿ ಫೈಗೆಲ್‌ನ ಕೋಣೆಗೆ ಹೋದಳು. ಅವನು ಕೊರಳಿಗೆ ಫಿಲ್ಮಿನ ಪಟ್ಟಿ ಹಾಕಿಕೊಂಡು ಯಂತ್ರದ ಮುಂದೆ ಕೂತಿದ್ದ. ಅವಳು ಕುಳಿತುಕೊಳ್ಳದೆ ಹೇಳಿದಳು. ಅಮ್ಮನ ವಿಷಯ, ಕಾಲಿನ ವಿಷಯ, ತುಟಿಯ ವಿಷಯ. ಕಿವಿ ಜಗ್ಗಿದ್ದನ್ನೂ ಹೇಳಿದಳು.

ಫೈಗೆಲ್ ಕೊರಳಿನ ಪಟ್ಟಿ ತೆಗೆದು ಗೂಟಕ್ಕೆ ಹಾಕಿದ. "ಒಂದು ತಿಂಗಳಿಂದ ಇದನ್ನ ದಿನಾ ನೋಡ್ತಿದೀನಿ ವೆಲ್ಡಾ. ದಿನಾ ನಕ್ಕಿದೀನಿ. ಬೇಜಾರಾದಾಗ ಬೇಕಂತಲೇ ಹಾಕ್ಕೊಂಡು ನಕ್ಕಿದೀನಿ."

"ಮುಂಚೆ ತೆಗೆದದ್ದು ಇದೆಯಲ್ಲ, ಮೂರನೇದು? ಅದರಲ್ಲಿ ಕಾಲು ಸರಿಯಾಗಿತ್ತು."

"ಇದೆ. ಕೂತ್ಕೋ."

ಯಂತ್ರದ ಅಂಗೈಯಗಲದ ಗಾಜಿನಲ್ಲಿ ಇಬ್ಬರೂ ತಲೆ ಸೇರಿಸಿ ನೋಡಿದರು. ಡೆಲ್ ತಿರುಗಿದ, ಬಲಗಾಲು ಜಾರಿತು, ಎಡಗಾಲು ಠೀವಿಯಿಂದ ಬಂದು ಸೇರಿತು, ಈಟಿ ಭುಜಕ್ಕೆ ಏರಿತು. ತಾಳಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಲವತ್ತು ವರ್ಷ ಪಳಗಿದ ಪಾದ. ಮುಗಿಯಿತು. ಇಬ್ಬರಲ್ಲಿ ಒಬ್ಬರ ಮುಖದಲ್ಲೂ ಏನೂ ಮೂಡಲಿಲ್ಲ.

"ಚೆನ್ನಾಗಿದೆ," ಎಂದಳು ವೆಲ್ಡಾ.

"ಚೆನ್ನಾಗಿದೆ. ಅಷ್ಟೇ." ಫೈಗೆಲ್ ದೀಪ ಹಾಕಿದ. "ನೋಡಮ್ಮ, ನಿನ್ನ ಹತ್ರ ಸುಳ್ಳು ಹೇಳಲ್ಲ. ಮೇಲಿನವರು ಆ ಕುಣಿತ ಉಳಿಸಿರೋದು ಆ ಕಾಲಿಗೋಸ್ಕರ. ಇದನ್ನ ಹಾಕಿದ್ರೆ ಪೂರ್ತಿ ತೆಗೀತಾರೆ, ಬಾಗಿಲು ತೆಗೆಯೋ ಒಂದು ಮಾತು ಬಿಟ್ಟು. ಡೆಲ್ ಸೊಂಟದವರೆಗೆ ಕಾಣ್ತಾನೆ. ಯಾರೂ ನಗಲ್ಲ."

"ಇನ್ನೊಂದು ಹಾಕಿದ್ರೆ?"

"ಪೂರ್ತಿ ಕಾಣ್ತಾನೆ. ನಗ್ತಾರೆ."

"ಅವನ ಮೆದುಳಲ್ಲಿ ನಾಳ ಒಡೀತಾ ಇರೋದನ್ನ ನೋಡಿ ನಗ್ತಾರೆ."

"ಅವರಿಗೆ ಗೊತ್ತಿರಲ್ಲ."

"ನನಗೆ ಗೊತ್ತಿರತ್ತೆ ಕಣಯ್ಯ."

ಫೈಗೆಲ್ ಎರಡೂ ತುಂಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. "ನೀನು ಹೇಳಿದ್ದನ್ನ ಹಾಕ್ತೀನಿ. ಯಾಕೆ ಅಂತ ಯಾರಿಗೂ ಹೇಳಲ್ಲ," ಎಂದ.

ವೆಲ್ಡಾ ಜೋಡು ಬಿಚ್ಚಿ ಅದರೊಳಗಿನ ಮರಳನ್ನು ಅಂಗೈಗೆ ಸುರಿದುಕೊಂಡಳು. ಇಪ್ಪತ್ತು ವರ್ಷದ ಡೆಲ್‌ನನ್ನು ಕೇಳಿದ್ದರೆ ಅವನು ಯೋಚಿಸುತ್ತಲೇ ಇರಲಿಲ್ಲ. ಒಂದು ನಗೆಗೆ ಒಂದು ಕಾಲು ಎಂದರೆ, ಎರಡು ನಗೆ ಕೊಡ್ತೀರಾ, ಇನ್ನೊಂದೂ ಇದೆ ಎನ್ನುತ್ತಿದ್ದ. ಆದರೆ ಐವತ್ತೆಂಟರ ಡೆಲ್, ಅದು ನಾನು ಮಾಡಿದ್ದಲ್ಲ ಎಂದು ಹೇಳಿಯೇ ಹೋಗಿದ್ದ. ಎರಡೂ ಅವನೇ. ಯಾವ ಡೆಲ್‌ನ ಮಾತು ಕೇಳಬೇಕು? ಕಾಣದೆ ಉಳಿಯುವುದು ಅವನಿಗೆ ಯಾವಾಗಲೂ ಸಾವಿಗಿಂತ ಕೆಟ್ಟದಾಗಿ ಕಂಡಿತ್ತು. ಆ ಮಾತನ್ನು ಅವನು ಬದುಕಿದ್ದಾಗ ಹೇಳಿದ್ದ, ಸಾವು ಏನೆಂದು ತಿಳಿಯದೆ. ಅವಳಿಗೂ ತಿಳಿಯದು. ತಿಳಿದದ್ದು ಇಷ್ಟೇ: ಅವಳ ಅಣ್ಣನ ಪೂರ್ತಿ ಮೈ ಲೋಕದಲ್ಲಿ ಈಗ ಒಂದೇ ಕಡೆ ಇದೆ, ಅದರೊಳಗೆ ಅವನ ಸಾವೂ ಇದೆ, ಒಂದನ್ನು ಬಿಟ್ಟು ಒಂದನ್ನು ಕತ್ತರಿಸುವ ಕತ್ತರಿ ಫೈಗೆಲ್‌ನ ಬಳಿ ಇಲ್ಲ.

"ಆ ಕಾಲು ಇರೋದನ್ನೇ ಇಡು," ಎಂದಳು. ಮರಳನ್ನು ಕಸದ ಡಬ್ಬಿಗೆ ಹಾಕಿ, ಜೋಡು ತೊಟ್ಟು, ಸ್ಟೂಬ್‌ನ ಕೋಣೆಗೆ ವಾಪಸು ಹೋದಳು.

ಅದನ್ನು ಮಾಡುವುದು ಸುಲಭವಿರಲಿಲ್ಲ. ಸೋತು ಬಂದದ್ದನ್ನು ಬೇಕೆಂದು ತರುವುದು ಕಷ್ಟ. ಕುಣಿದ ಕಾಲು ಬಿಗಿಯಾಗಲು ಕಾಯುತ್ತಿರುತ್ತದೆ. ಕ್ಷಣ ಬಂದಾಗ ಅದಕ್ಕೆ ಇಲ್ಲವಾಗು ಎಂದು ಹೇಳಬೇಕು. ಅವಳು ಅಮ್ಮನನ್ನು ನೆನೆದಳು. ಒಲೆಯ ಮೇಲಿನ ಪಾತ್ರೆ ಉಕ್ಕುತ್ತಿದೆ, ಅಮ್ಮ ಬೇಗ ಹೋಗಬೇಕು, ಕಾಲು ಬರುತ್ತಿಲ್ಲ. ಪರದೆಯ ಮೇಲೆ ಅಣ್ಣ ತಿರುಗಿದ. ಬಲಗಾಲು ಜಾರಿತು. ವೆಲ್ಡಾ ಎಡಗಾಲನ್ನು ಬಿಟ್ಟುಕೊಟ್ಟಳು. ಮರಳು ಉದ್ದವಾಗಿ, ಮೆಲ್ಲಗೆ, ಒಂದು ಅರ್ಧಚಂದ್ರದಷ್ಟು ಹೊತ್ತು ಸದ್ದು ಮಾಡಿತು.

"ಸಿಕ್ಕಿತು," ಎಂದ ಸ್ಟೂಬ್. ಈ ಸಲ ಅವನು ಕೈಯೆತ್ತಲಿಲ್ಲ. ಅವಳ ಮುಖ ಕಂಡಿತ್ತೋ ಏನೋ, ದೀಪ ಹಾಕುವುದನ್ನೂ ತಡಮಾಡಿದ.

ಹತ್ತು ದಿನಗಳ ಮೇಲೆ, ಒಂದು ಶುಕ್ರವಾರ ಸಂಜೆ, ಪಸಡೀನಾದ ಒಂದು ಥಿಯೇಟರಿನಲ್ಲಿ ಚಿತ್ರವನ್ನು ಜನರಿಗೆ ತೋರಿಸಿ ನೋಡಿದರು. ಬಿಡುಗಡೆಗೆ ಮುನ್ನ ಹಾಗೆ ಮಾಡುವುದು ಪದ್ಧತಿ: ಬೇರೆ ಯಾವುದೋ ಚಿತ್ರಕ್ಕೆಂದು ಬಂದವರಿಗೆ, ಹೆಸರು ಹೇಳದೆ ಇದನ್ನು ಹಾಕಿ, ಎಲ್ಲಿ ನಗುತ್ತಾರೆ, ಎಲ್ಲಿ ಕೆಮ್ಮುತ್ತಾರೆ ಎಂದು ನೋಡುವುದು. ಹಾಸ್ಯಚಿತ್ರವಾದರೆ ಸಂಕಲನಕಾರ ಸ್ಟಾಪ್‌ವಾಚ್ ಹಿಡಿದು ಕೂರುತ್ತಾನೆ. ಒಂದೊಂದು ನಗೆ ಎಷ್ಟು ಹೊತ್ತು ನಿಂತಿತೆಂದು ಅಳೆದು, ಮುಂದಿನ ಮಾತು ಅದರಲ್ಲಿ ಮುಳುಗದಂತೆ ಅಷ್ಟು ಫಿಲ್ಮನ್ನು ನಡುವೆ ಸೇರಿಸುತ್ತಾನೆ.

ಫೈಗೆಲ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ವೆಲ್ಡಾ, ಅವಳ ಪಕ್ಕದಲ್ಲಿ ಚೇಲೋ, ಮಡಿಲಲ್ಲಿ ಜೋಳದ ಅರಳಿನ ಪೊಟ್ಟಣ.

"ನನ್ನ ಅಂಗಿ ನೋಡೇ, ಎಷ್ಟು ಚೆನ್ನಾಗಿ ಹೊಳೀತಿದೆ," ಎಂದು ಚೇಲೋ ಪಿಸುಗುಟ್ಟುತ್ತಿದ್ದಳು. "ಅಗೋ, ಆ ಗೋಣಿಚೀಲ ನಿನ್ನದು."

ಹೆಬ್ಬಾಗಿಲು ಕಂಡಿತು. ಮುದಿ ಕಾವಲುಗಾರ ಅತ್ತಿತ್ತ ನೋಡಿ ಬಲಗಾಲಿನಿಂದ ಮರಳನ್ನು ಸವರಿದ. ವಾದ್ಯಗಳು ಒಂದೊಂದಾಗಿ ಹಿಂದೆ ಸರಿದವು. ಕೊನೆಗೆ ತುಂಬಿದ ಥಿಯೇಟರಿನಲ್ಲಿ ಪಾದದ ಸದ್ದೊಂದೇ ಉಳಿಯಿತು, ಉಜ್ಜುತ್ತ, ಜಾರುತ್ತ, ಉಜ್ಜುತ್ತ. ಅರಳು ತಿನ್ನುವವರು ತಿನ್ನುವುದು ಬಿಟ್ಟರು. ಪರದೆಯ ಮೇಲೆ ಡೆಲ್ ಮನೆಯೆತ್ತರ ಇದ್ದ, ತಲೆಯಿಂದ ಕಾಲಿನವರೆಗೆ ಎಲ್ಲವೂ ಇತ್ತು. ವೆಲ್ಡಾ ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದುಕೊಂಡಳು.

ಡೆಲ್ ತಿರುಗಿದ. ಬಲಗಾಲು ಜಾರಿತು. ಎಡಗಾಲು ಬರಲಿಲ್ಲ. ಅವನು ತಿರುಗಿ ಅದನ್ನು ನೋಡಿದ.

ಇನ್ನೂ ಯಾರೂ ನಕ್ಕಿರಲಿಲ್ಲ. ಆಗ ಸದ್ದು ಬಂತು, ಮರಳಿನ ಮೇಲೆ ಎಳೆದುಕೊಂಡು ಬರುವ ಪಾದದ ಉದ್ದನೆಯ, ಸೋತ ಸದ್ದು. ನಗು ಒಡೆದದ್ದು ಆ ಸದ್ದಿಗೆ. ಮೊದಲು ಎಡಗಡೆ ಒಬ್ಬ ಗಂಡಸು, ಆಮೇಲೆ ಒಂದು ಸಾಲು, ಆಮೇಲೆ ಇಡೀ ಥಿಯೇಟರು. ಈಟಿ ಜಾರಿದಾಗ ಇನ್ನೊಂದು ಅಲೆ ಎದ್ದು ಮೊದಲಿನದರ ಮೇಲೆ ಏರಿತು. ಮುಂದೆ ಕೂತಿದ್ದ ಹೆಂಗಸೊಬ್ಬಳು ಉಸಿರು ಸಿಗದೆ ಗಂಡನ ಭುಜಕ್ಕೆ ಗುದ್ದುತ್ತ, "ಅಯ್ಯೋ ಆ ಮುದುಕ… ಅಯ್ಯೋ, ಆ ಕಾಲು ನೋಡ್ರೀ!" ಎನ್ನುತ್ತಿದ್ದಳು. ಕೋಟೆಯ ಹೊರಗಿನಿಂದ ಯಾರೋ ಬಾಗಿಲು ತೆಗೆ ಎಂದು ಕೂಗಿದ ಮಾತು ಪೂರ್ತಿ ಮುಳುಗಿಹೋಯಿತು. ಚೇಲೋ ಕೂಡ ಕಣ್ಣಲ್ಲಿ ನೀರು ಬರುವಂತೆ ನಗುತ್ತ ವೆಲ್ಡಾಳ ತೋಳು ಹಿಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ವೆಲ್ಡಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಅವಳ ಎಡಗಾಲು ಕುರ್ಚಿಯ ಕೆಳಗೆ ಹೊರಕ್ಕೆ ವಾಲಿ ಬಿದ್ದಿತ್ತು, ಅದನ್ನು ಸರಿಮಾಡಿಕೊಳ್ಳಲಿಲ್ಲ. ನಗು ಮೆಲ್ಲಗೆ ಇಳಿಯಿತು, ಒಂದಿಬ್ಬರಲ್ಲಿ ಉಳಿಯಿತು, ಆರಿತು. ಪರದೆಯ ಮೇಲೆ ರಾಜ ಬಂದಿದ್ದ. ಪಕ್ಕದಲ್ಲಿ ಗಡಿಯಾರ ನಿಂತ ಕಿಟ್ ಎಂಬ ಸದ್ದು ಕೇಳಿಸಿತು. ಫೈಗೆಲ್ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡ.

"ಎಷ್ಟು?" ಎಂದಳು ವೆಲ್ಡಾ.

"ಬೇಡ ಬಿಡು."

"ಎಷ್ಟು ಹೇಳಯ್ಯ. ಅವನಾಗಿದ್ರೆ ಕೇಳ್ತಿದ್ದ."

ಫೈಗೆಲ್ ಅಂಗೈ ತೆರೆದು, ಗಡಿಯಾರದ ಮುಖವನ್ನು ಪರದೆಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ.

ಏಳು ಪಾಯಿಂಟ್ ಎರಡು ಸೆಕೆಂಡು.